ಪಿಕಪ್ ಗಾಡಿಯ ಗುಂಡಿಗೆ

ಗೋಕಾಕದ ತರಕಾರಿ, ಮೂಡಲಗಿಯ ಬೆಲ್ಲ, ಹುಕ್ಕೇರಿ ಸೀಮೆಯ ಮೆಣಸಿನಕಾಯಿ ಪಟ್ಟಣದ ಮನೆಗಳ ಅಡುಗೆಮನೆಯನ್ನು ಸೇರುವ ಮುನ್ನ ಅನೇಕ ವೇಳೆ ಒಂದೇ ಬಗೆಯ ವಾಹನವನ್ನು ಏರಿರುತ್ತವೆ. ಮುಂದೆ ಇಬ್ಬರು ಮೂವರು ಒತ್ತಿ ಕೂಡಬಹುದಾದ ಗೂಡು, ಹಿಂದೆ ಸರಕು ಹೇರಲು ತೆರೆದ ಜಾಗ. ಇದೇ ಜನರ ಬಾಯಲ್ಲಿ 'ಪಿಕಪ್'. ಒಂದು ಕಾಲಕ್ಕೆ ಜೋಡೆತ್ತಿನ ಚಕ್ಕಡಿ ಮಾಡುತ್ತಿದ್ದ ಕೆಲಸವನ್ನು ಇಂದು ಘಟಪ್ರಭೆಯ ಎರಡೂ ದಂಡೆಗಳಲ್ಲಿ ಈ ಗಾಡಿ ಮಾಡುತ್ತಿದೆ.

ಚಕ್ಕಡಿಯ ಎತ್ತು ದಣಿದರೆ ನೆರಳಿಗೆ ಕಟ್ಟಿ ಮೇವು ಹಾಕಬಹುದಿತ್ತು. ಪಿಕಪ್ ದಣಿದರೆ ಸಂಸಾರವೇ ನಿಂತಂತೆ. ಅನೇಕ ಗಾಡಿಗಳು ಸಾಲದ ಹಣದಿಂದ ಕೊಂಡವು; ಚಾಲಕನೇ ಮಾಲೀಕ; ತಿಂಗಳು ತಿಂಗಳೂ ಕಂತು ಕಟ್ಟಬೇಕು. ಅಂಥ ಗಾಡಿಯೊಂದು ನಸುಕಿನಲ್ಲಿ ಟೊಮೇಟೊ ಹೇರಿಕೊಂಡು ಸಂಕೇಶ್ವರವನ್ನು ದಾಟಿ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಳಗಾವಿಯ ಕಡೆಗೆ ಹೊರಟಾಗ ಏರಿನಲ್ಲಿ ಉಸಿರುಗಟ್ಟಿ ನಿಂತಿತೆನ್ನಿ. ಆ ದಿನದ ಬಾಡಿಗೆ ಹೋಯಿತು, ಮಾಲು ಬಾಡಿತು, ಪೇಟೆಯ ವ್ಯಾಪಾರಿಯ ವಿಶ್ವಾಸವೂ ಅಲುಗಾಡಿತು. ಗ್ಯಾರೇಜಿಗೆ ಎಳೆದೊಯ್ದ ಮೇಲೆ ಕೇಳಿಬರುವ ಮಾತೊಂದುಂಟು: "ಪಂಪ್ ಹೋಗೇತಿ ನೋಡ್ರಿ, ಅಣ್ಣಾರ!"

ಎರಡು ಶಬ್ದಗಳ ಈ ತೀರ್ಪು ಬಹಳ ದುಬಾರಿಯಾದದ್ದು. ಹೊಸ ಪಂಪಿನ ಬೆಲೆ ತಿಂಗಳ ಕಂತನ್ನೂ ಮೀರಬಹುದು. ಆದ್ದರಿಂದ ಅದನ್ನು ಒಪ್ಪುವ ಮೊದಲು ಆ ಪಂಪು ಎಂದರೇನು, ಅದು ಕೆಡುವುದೇಕೆ ಎಂಬುದನ್ನು ತಿಳಿಯುವುದು ಲೇಸು.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಅದುಮಿದಾಗ ಅದು ಕಾಯುತ್ತದೆ. ಕಾದ ಗಾಳಿಗೆ ಡೀಸೆಲನ್ನು ಮಂಜಿನಂತೆ ಸಿಂಪಡಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹಾಗೆ ಸಿಂಪಡಿಸಲು ಬೇಕಾದ ಒತ್ತಡವನ್ನು ಹುಟ್ಟಿಸುವುದೇ ಪಂಪಿನ ಕಾಯಕ. ಒತ್ತಡ ಎಷ್ಟೆಂಬುದಕ್ಕೆ ಊರಿನದೇ ಉಪಮಾನವುಂಟು. ಗೋಕಾಕ ಜಲಪಾತದ ಎತ್ತರ ಸುಮಾರು 170 ಅಡಿ. 1885ರಲ್ಲಿ ಸ್ಥಾಪಿತವಾದ ಹತ್ತಿ ಗಿರಣಿಯ ಯಂತ್ರಗಳನ್ನು ತಿರುಗಿಸಿದ್ದು ಆ ನೀರಿನ ಬಲವೇ. ಅಷ್ಟು ಎತ್ತರದ ನೀರಿನ ಕಂಬವು ತನ್ನ ಬುಡದಲ್ಲಿ ಉಂಟುಮಾಡುವ ಒತ್ತಡ ಕೇವಲ 5 ಬಾರ್. ಇಂದಿನ ಪಿಕಪ್ ಗಾಡಿಯ 'ಕಾಮನ್ ರೈಲ್' ಪಂಪು 1,600 ಬಾರ್‌ಗಳ ಆಸುಪಾಸಿನಲ್ಲಿ ದುಡಿಯುತ್ತದೆ. ಮುನ್ನೂರು ಗೋಕಾಕ ಜಲಪಾತಗಳನ್ನು ಒಂದರ ಮೇಲೊಂದು ಪೇರಿಸಿದಂತೆ!

ಇಂಥ ಪಂಪು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಜರ್ಮನಿಯ ರಾಬರ್ಟ್ ಬಾಷ್ ಅವರ ಕಂಪನಿ 1922ರಲ್ಲಿ ಪ್ರಯತ್ನವನ್ನಾರಂಭಿಸಿ, 1927ರಲ್ಲಿ ಡೀಸೆಲ್ ಪಂಪುಗಳನ್ನು ಹೇರಳವಾಗಿ ತಯಾರಿಸತೊಡಗಿತು. ಈ ವಿದ್ಯೆ ಕನ್ನಡನಾಡಿಗೂ ಬಂತು. 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಎಲ್ಲರೂ ಬಲ್ಲ 'ಮೈಕೋ', ಬೆಂಗಳೂರಿನ ಆಡುಗೋಡಿಯಲ್ಲಿ ಇಂಥ ಪಂಪುಗಳನ್ನು ತಯಾರಿಸಿ ದೇಶದ ಲಾರಿ, ಟ್ರ್ಯಾಕ್ಟರುಗಳಿಗೆ ಒದಗಿಸಿತು. ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಎಂದಾಯಿತು.

ಪಂಪಿನೊಳಗೆ ಒಂದಕ್ಕೊಂದು ಉಜ್ಜುತ್ತ ಚಲಿಸುವ ಭಾಗಗಳ ನಡುವಣ ಸಂದು ಕೂದಲಿನ ದಪ್ಪದ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಇಂದಿನ ಪಂಪುಗಳಲ್ಲಿ ಅಲ್ಲಿಗೆ ಬೇರೆ ಎಣ್ಣೆಯಿಲ್ಲ, ಡೀಸೆಲೇ ಎಣ್ಣೆ. ಇಷ್ಟನ್ನು ಅರಿತರೆ ಪಂಪಿನ ಶತ್ರುಗಳಾರೆಂಬುದು ತಾನಾಗಿ ಹೊಳೆಯುತ್ತದೆ. ಮೊದಲನೆಯದು ಧೂಳು. ಹೊಲದ ಬಳಿ ಬ್ಯಾರಲ್ಲಿನಲ್ಲಿ ಕೂಡಿಟ್ಟ ಡೀಸೆಲನ್ನು ಬಾಯಿ ತೆರೆದ ಡಬ್ಬಿಯಿಂದ ಸುರಿದರೆ ಕಣ್ಣಿಗೆ ಕಾಣದ ಮರಳೂ ಟಾಕಿಯನ್ನು ಸೇರುತ್ತದೆ. ಎರಡನೆಯದು ನೀರು. ಅರ್ಧ ಖಾಲಿಯಾದ ಟಾಕಿಯೊಳಗಿನ ಗಾಳಿಯ ತೇವ ರಾತ್ರಿಯ ತಂಪಿಗೆ ಹನಿಯಾಗಿ ಇಳಿಯುತ್ತದೆ. ನೀರು ತಾಕಿದ ಉಕ್ಕು ತುಕ್ಕು ಹಿಡಿಯುತ್ತದೆ. ಮೂರನೆಯದು ಸೀಮೆಎಣ್ಣೆಯ ಬೆರಕೆ. ಸೀಮೆಎಣ್ಣೆಗೆ ಡೀಸೆಲಿನ ಜಿಡ್ಡಿಲ್ಲ. ನಾಲ್ಕು ಕಾಸು ಉಳಿಸಲು ಹೋದವನ ಪಂಪು ಒಣಗಿ ಸವೆಯುತ್ತದೆ.

ಇನ್ನು ತೀರ್ಪಿನ ವಿಷಯ. ಗಾಡಿ ಏರಿನಲ್ಲಿ ಎಳೆಯದಿದ್ದರೆ, ಎಂಜಿನ್ ಚಾಲೂ ಆಗದಿದ್ದರೆ ತಪ್ಪು ಪಂಪಿನದೇ ಎನ್ನಲಾಗದು. ಫಿಲ್ಟರ್ ಕಟ್ಟಿಕೊಂಡರೂ ಇದೇ ಲಕ್ಷಣ. ಟಾಕಿಯಿಂದ ಬರುವ ಕೊಳವೆಯಲ್ಲಿ ಸಣ್ಣ ಬಿರುಕು ಬಿಟ್ಟು 'ಏರ್ ಹಿಡಿದರೂ' ಇದೇ ಲಕ್ಷಣ. ಒತ್ತಡವನ್ನು ಅಳೆಯುವ ಸೆನ್ಸರ್ ಕೆಟ್ಟರೂ, ನಾಝಲ್ ಸೋರಿದರೂ ಇದೇ. ಬಲ್ಲ ಮೇಸ್ತ್ರಿ ಅಗ್ಗದ್ದರಿಂದ ದುಬಾರಿಯದರ ಕಡೆಗೆ ನಡೆಯುತ್ತಾನೆ. ಮೊದಲು ಫಿಲ್ಟರಿನ ತಳದ ನೀರನ್ನು ಬಸಿದು ನೋಡುತ್ತಾನೆ. ಬೇಕಾದರೆ ಫಿಲ್ಟರನ್ನೇ ಬದಲಿಸುತ್ತಾನೆ. ಬಳಿಕ ಕೊಳವೆಗಳನ್ನು, ವೈರುಗಳನ್ನು ಪರೀಕ್ಷಿಸುತ್ತಾನೆ. ಆಮೇಲೆ ಸ್ಕ್ಯಾನರ್ ಜೋಡಿಸಿ, ಎಂಜಿನ್ ಬೇಡುವ ಒತ್ತಡವೆಷ್ಟು, ಒದಗುತ್ತಿರುವುದೆಷ್ಟು ಎಂದು ಹೋಲಿಸಿ, ನಾಝಲ್‌ಗಳ ಸೋರಿಕೆಯನ್ನೂ ಅಳೆದ ನಂತರವೇ ಪಂಪಿನ ಹೆಸರನ್ನೆತ್ತುತ್ತಾನೆ.

ಪಂಪು ನಿಜವಾಗಿಯೂ ಸವೆದಿದ್ದರೆ ಬದಲಿಸಲೇಬೇಕು. ಆಗ ಮರೆಯಬಾರದ ಸಂಗತಿಯೊಂದುಂಟು. ಸವೆದ ಪಂಪು ಉದುರಿಸಿದ ಉಕ್ಕಿನ ಪುಡಿ ರೈಲಿಗೆ, ನಾಝಲ್‌ಗಳಿಗೆ ಹರಿದು, ಹಿಂತಿರುಗುವ ಕೊಳವೆಯ ಮೂಲಕ ಟಾಕಿಗೂ ಸೇರಿರುತ್ತದೆ. ಹಳೆಯ ಫಿಲ್ಟರನ್ನು ಕತ್ತರಿಸಿ ಬಿಡಿಸಿದಾಗ ಬೆಳ್ಳಿಯ ಹುಡಿಯಂತೆ ಹೊಳೆಯುವುದು ಅದೇ. ಟಾಕಿ, ಕೊಳವೆ, ರೈಲುಗಳನ್ನು ತೊಳೆಯದೆ, ನಾಝಲ್‌ಗಳನ್ನು ಪರೀಕ್ಷಿಸದೆ ಹೊಸ ಪಂಪನ್ನು ಕೂಡಿಸಿದರೆ, ಹಳೆಯದನ್ನು ಕೊಂದ ರೋಗವೇ ಹೊಸದನ್ನೂ ಕೊಲ್ಲುತ್ತದೆ. ಕೆರೆಯ ನೀರು ಕೊಳಕಾಗಿರುವಾಗ ಕೊಡ ಬದಲಿಸಿ ಫಲವೇನು?

ಜೋಡಣೆಯಲ್ಲೂ ಕ್ರಮವಿದೆ. ಬ್ಯಾಟರಿಯ ತಂತಿಯನ್ನು ಬಿಚ್ಚಬೇಕು. ಎಂಜಿನ್ ನಿಲ್ಲಿಸಿ, ರೈಲಿನ ಒತ್ತಡ ಇಳಿದ ಮೇಲಷ್ಟೇ ಪಾನಾ ಹಿಡಿಯಬೇಕು. ಎಂಜಿನ್ ಓಡುತ್ತಿರುವಾಗ ಸೋರುವ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡುವುದು ಘೋರ ಅಪಾಯ. ಸೂಜಿಯಂಥ ಆ ಧಾರೆ ಚರ್ಮವನ್ನು ಭೇದಿಸಿ ಒಳಹೊಕ್ಕು ಬೆರಳನ್ನೇ ಕಳೆಯಬಹುದು. ಹಳೆಯ ತರಹದ ಪಂಪಾದರೆ ಗುರುತಿಗೆ ಗುರುತು ಕೂಡಿಸಿ ಟೈಮಿಂಗ್ ಹೊಂದಿಸಬೇಕು. ಹೊಸ ಪಂಪನ್ನು ಒಣಗಿರುವಾಗಲೇ ತಿರುಗಿಸಬಾರದು. ಶುದ್ಧ ಡೀಸೆಲ್ ತುಂಬಿ, ಕೈಪಂಪಿನಿಂದ ಗಾಳಿಯನ್ನು ಪೂರ್ಣವಾಗಿ ಹೊರಹಾಕಿದ ನಂತರವೇ ಎಂಜಿನ್ ಚಾಲೂ ಮಾಡಬೇಕು.

ಇದೆಲ್ಲಕ್ಕೂ ಸಮಯ ಹಿಡಿಯುತ್ತದೆ. ಕಂತಿನ ದಿನ ಹತ್ತಿರವಾದ ಮಾಲೀಕನಿಗೆ ಆ ಒಂದೆರಡು ದಿನಗಳೇ ಭಾರ. ಆದರೆ ಆತುರದಲ್ಲಿ ಕೂಡಿಸಿದ ಪಂಪು ತಿಂಗಳೊಪ್ಪತ್ತಿನಲ್ಲಿ ಮತ್ತೆ ಕೈಕೊಟ್ಟರೆ ಹೊರೆ ಇಮ್ಮಡಿಯಾಗುತ್ತದೆ. ಒತ್ತಡದ ಅಂಕಿಯನ್ನು ತೋರಿಸಿರೆಂದು ಕೇಳುವ, ಬಿಚ್ಚಿದ ಹಳೆಯ ಪಂಪನ್ನೂ ಫಿಲ್ಟರನ್ನೂ ಕಣ್ಣಾರೆ ನೋಡುವ ಹಕ್ಕು ಮಾಲೀಕನಿಗಿದೆ; ಪ್ರಾಮಾಣಿಕನಾದ ಮೇಸ್ತ್ರಿ ಇದಕ್ಕೆ ಬೇಸರಿಸುವುದಿಲ್ಲ. ನಂಬಿಕೆಯ ಬಂಕಿನಲ್ಲಿ ಡೀಸೆಲ್ ತುಂಬಿಸುವುದು, ಸಂಜೆ ಟಾಕಿಯನ್ನು ಖಾಲಿ ಬಿಡದಿರುವುದು, ಫಿಲ್ಟರ್ ಬದಲಿಸಿದ ತಾರೀಖನ್ನು ಬಾಡಿಗೆಯ ಲೆಕ್ಕದ ಪುಸ್ತಕದಲ್ಲೇ ಬರೆದಿಡುವುದು, ಇವಿಷ್ಟು ಮನೆಯವರೆಲ್ಲರೂ ನೆನಪಿಡಬಹುದಾದ ಪಥ್ಯ. ಪಂಪಿನ ಆಯುಸ್ಸು ಬಹುಮಟ್ಟಿಗೆ ಅದಕ್ಕೆ ಉಣಿಸುವ ಡೀಸೆಲಿನ ಶುದ್ಧಿಯಲ್ಲಿದೆ. ಆ ಶುದ್ಧಿಗೆ ತಗಲುವ ಖರ್ಚು ಒಂದು ಫಿಲ್ಟರಿನ ಬೆಲೆ ಮಾತ್ರ.