ಗೆರೆ ಏರಿದಂತೆ ಸರಿದ ಊರು: ಬಾಗಲಕೋಟೆ

ಬಾಗಲಕೋಟೆಯಲ್ಲಿ ಮನೆ ಎಲ್ಲಿ ಎಂದು ಕೇಳಿದರೆ ಎರಡು ಬಗೆಯ ಉತ್ತರ ಸಿಗುತ್ತದೆ. ಹಳೇ ಊರಿನವರು ಕಿಲ್ಲಾ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ ಎಂದು ಓಣಿಯ ಹೆಸರು ಹೇಳುತ್ತಾರೆ. ಕೆಲವೇ ಕಿಲೋಮೀಟರ್ ಆಚೆಯ ನವನಗರದವರು ಹೇಳುವುದು ಸೆಕ್ಟರ್ ಸಂಖ್ಯೆ. ಇವೆರಡರ ನಡುವೆ ಕಾಲೇಜುಗಳ ವಿದ್ಯಾಗಿರಿ. ಒಂದು ಪಟ್ಟಣ ಹೀಗೆ ಹಂಚಿಹೋದದ್ದು ಆಲಮಟ್ಟಿಯ ನೀರಿನಿಂದ.

ಕೃಷ್ಣಾ ಮೇಲ್ದಂಡೆ ಯೋಜನೆಯ ಈ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. ಇಂದು ಸಮುದ್ರ ಮಟ್ಟದಿಂದ 519.6 ಮೀಟರ್ ಎತ್ತರದವರೆಗೆ ಅಲ್ಲಿ ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ. ಚಿಕ್ಕಸಂಗಮದ ಬಳಿ ಕೃಷ್ಣೆಯನ್ನು ಸೇರುವ ಘಟಪ್ರಭೆಗೂ ಹಿನ್ನೀರು ಏರುತ್ತದೆ. ಆ ನದಿಯ ದಂಡೆಯ ಮೇಲೇ ಬಾಗಲಕೋಟೆ ಬೆಳೆದಿತ್ತು. ವಿಜಯಪುರ, ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳ ಹೊಲಕ್ಕೆ ನೀರು ಹರಿಯಬೇಕಾದರೆ ಇಲ್ಲಿನ ತಗ್ಗಿನ ಓಣಿಗಳು ಜಾಗ ಬಿಡಬೇಕಾಯಿತು.

ಬಿಟ್ಟವರಿಗಾಗಿ ಎದ್ದದ್ದು ನವನಗರ. ಅದರ ಯೋಜನೆಯಲ್ಲಿ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಪಾತ್ರ ವಹಿಸಿದ್ದರು. ಭೂಸ್ವಾಧೀನ, ಪರಿಹಾರ, ನಿವೇಶನ ಹಂಚಿಕೆ, ರಸ್ತೆ, ಚರಂಡಿ ಎಲ್ಲದರ ಹೊಣೆ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ್ದು. ಊರಿನವರ ಬಾಯಲ್ಲಿ ಅದು ಬಿಟಿಡಿಎ. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದ ಮೇಲೆ ಜಿಲ್ಲಾ ಕಚೇರಿಗಳು ಇಲ್ಲಿಗೆ ಬಂದವು. 2008ರಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿತು. ಅಗಲ ರಸ್ತೆ, ಮನೆಯಂಗಳಕ್ಕೆ ಗಾಳಿ ಬೆಳಕು, ಶಾಲೆಗೂ ಉದ್ಯಾನಕ್ಕೂ ಮೊದಲೇ ಮೀಸಲಾದ ಜಾಗ: ತಾನಾಗಿ ಬೆಳೆದ ಊರುಗಳಿಗೆ ಸುಲಭದಲ್ಲಿ ದಕ್ಕದ ಸವಲತ್ತುಗಳಿವು.

ಆದರೆ ಊರು ಒಮ್ಮೆಗೇ ಎದ್ದು ಬರಲಿಲ್ಲ. ಮೊದಲು 521 ಮೀಟರ್ ಮಟ್ಟದವರೆಗಿನ ಕಟ್ಟಡಗಳು, ಆಮೇಲೆ 523, ಮುಂದೆ 525 ಎಂದು ಹಂತ ಹಂತವಾಗಿ ಗುರುತು ಬಿತ್ತು. ಮೋಜಣಿಯ ಗೆರೆಗೆ ನೆರೆಹೊರೆಯ ಪರಿವೆಯಿಲ್ಲ. ಒಂದೇ ಓಣಿಯಲ್ಲಿ ಕೆಳಗಿನ ಮನೆಯವರು ಸೆಕ್ಟರ್ ಸೇರಿದರೆ ಮೇಲಿನ ಮನೆಯವರು ಅಲ್ಲೇ ಉಳಿದರು. ಗಿರಾಕಿ ಹೋದ ಕಡೆಗೆ ಅಂಗಡಿ ಹೋಗಲಿಲ್ಲ, ಅಂಗಡಿ ಇದ್ದಲ್ಲಿ ಹಳೆಯ ಗಿರಾಕಿ ಉಳಿಯಲಿಲ್ಲ. ಮುಂದಿನ ಪಟ್ಟಿಯಲ್ಲಿ ತನ್ನ ಮನೆ ಬರಬಹುದೆಂದು ಕಾಯುವವನು ಸೋರುವ ಮಾಳಿಗೆಯನ್ನು ರಿಪೇರಿ ಮಾಡಿಸಲೂ ಹಿಂದೆಮುಂದೆ ನೋಡುತ್ತಾನೆ.

ಇಷ್ಟಾದರೂ ಹಳೇ ಊರು ತನ್ನ ಹಕ್ಕು ಬಿಟ್ಟುಕೊಟ್ಟಿಲ್ಲ. ನಾಡಿಗೇ ಹೆಸರಾದ ಬಾಗಲಕೋಟೆಯ ಹೋಳಿ ಓಣಿಗಳ ಹಬ್ಬ. ಯಾವ ಪೇಟೆಯ ಹಲಗೆ ಮೇಳ ಯಾವಾಗ ಹೊರಡಬೇಕು, ಬಣ್ಣದ ಬಂಡಿಗಳು ಎಂದು ಸಾಗಬೇಕು ಎಂಬುದೆಲ್ಲ ಓಣಿಯ ಲೆಕ್ಕದಲ್ಲೇ ನಡೆಯುತ್ತದೆ. ಸೆಕ್ಟರಿಗೆ ಹೋದವರೂ ಆ ದಿನಗಳಲ್ಲಿ ತಮ್ಮ ಪೇಟೆಯವರೇ.

ಈಗ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತ ಎದುರಿಗಿದೆ. ಕೃಷ್ಣಾ ನೀರು ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲೇ ಆಲಮಟ್ಟಿಯಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿಗೆ ಕೊಟ್ಟಿತು. ಅಂತರರಾಜ್ಯ ವ್ಯಾಜ್ಯದಿಂದಾಗಿ ಆ ತೀರ್ಪು 2025ರ ವೇಳೆಗೂ ಗೆಜೆಟ್ಟಿನಲ್ಲಿ ಪ್ರಕಟವಾಗಿರಲಿಲ್ಲ. ಎತ್ತರ ಹೆಚ್ಚಿದರೆ 75 ಸಾವಿರ ಎಕರೆಗೂ ಮಿಕ್ಕಿದ ಜಮೀನು ಮುಳುಗುತ್ತದೆ. ಬಾಗಲಕೋಟೆಯ ಇನ್ನಷ್ಟು ವಾರ್ಡುಗಳೂ ಅದರಲ್ಲಿ ಸೇರಿವೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ದರ ಗೊತ್ತುಮಾಡಿತು.

ದರ ಗೊತ್ತಾದದ್ದು ಒಳ್ಳೆಯದು, ಆದರೆ ಅಷ್ಟೇ ಸಾಲದು. ಉಳಿದ ಓಣಿಗಳನ್ನು ಮತ್ತೆ ಗೆರೆಯ ಲೆಕ್ಕದಲ್ಲಿ ತುಂಡರಿಸಬಾರದು. ಓಣಿಯವರಿಗೆಲ್ಲ ಒಂದೇ ಕಡೆ ನಿವೇಶನ ಸಿಗಬೇಕು, ಅವರ ಸಂತೆ, ಅಂಗಡಿ, ಗುಡಿ, ಮಸೀದಿಗೂ ಅಲ್ಲೇ ಜಾಗ ಇರಬೇಕು. ಪರಿಹಾರದ ಹಣ ಕೈಸೇರುವ ದಿನಕ್ಕೂ ಮನೆ ಖಾಲಿ ಮಾಡುವ ದಿನಕ್ಕೂ ವರ್ಷಗಳ ಅಂತರ ಬೀಳಬಾರದು. ನಾಲ್ಕು ಜಿಲ್ಲೆಗಳ ಹಸಿರಿಗಾಗಿ ಮನೆ ಬಿಟ್ಟುಕೊಡುವ ಜನರಿಗೆ, ಯಾವಾಗ ಹೊರಡಬೇಕು, ಎಲ್ಲಿಗೆ, ಯಾರ ಜೊತೆ ಎಂಬ ಮೂರು ಪ್ರಶ್ನೆಗಳಿಗೆ ಖಚಿತ ಉತ್ತರ ಕೊಡುವುದು ಸರ್ಕಾರ ತೀರಿಸಬೇಕಾದ ಋಣ.