‘ನೈಸ್’ ಶಬ್ದದ ಭಾಗ್ಯ

ವಿದ್ಯಾರ್ಥಿಗಳ ಇಂಗ್ಲಿಷ್ ಪ್ರಬಂಧದಲ್ಲಿ ‘ನೈಸ್’ ಎಂಬ ಶಬ್ದ ಕಂಡೊಡನೆ ಉಪಾಧ್ಯಾಯರು ಕೆಂಪು ಗೆರೆ ಎಳೆಯುವುದುಂಟು. ಊಟ, ಹವೆ, ಪುಸ್ತಕ, ನೆರೆಮನೆಯ ಮಗು ಎಲ್ಲವೂ ‘ನೈಸ್’ ಆದರೆ ಆ ಶಬ್ದ ಹೇಳುವುದಾದರೂ ಏನನ್ನು ಎಂಬುದು ಅವರ ಆಕ್ಷೇಪ. ಇಂದು ಇಷ್ಟು ಸವೆದಿರುವ ಈ ಶಬ್ದದ ಪೂರ್ವಚರಿತ್ರೆ ಮಾತ್ರ ಬಹು ಸ್ವಾರಸ್ಯವಾದುದು.

ಇದರ ಮೂಲ ಲ್ಯಾಟಿನ್ ಭಾಷೆಯ ‘ನೆಸ್ಕಿಯುಸ್’. ಅದರಲ್ಲಿರುವ ‘ನೆ’ ಸಂಸ್ಕೃತದ ‘ನ’ಕಾರದ ಜ್ಞಾತಿ; ಉಳಿದುದು ‘ಅರಿ’ ಎಂಬರ್ಥದ ಧಾತು. ‘ಸೈನ್ಸ್’ ಹುಟ್ಟಿದ್ದೂ ಅದೇ ಧಾತುವಿನಿಂದ. ಎಂದ ಮೇಲೆ ‘ನೈಸ್’ ಎಂದರೆ ಮೊದಲಲ್ಲಿ ಅರಿವಿಲ್ಲದವನು! ಫ್ರೆಂಚಿನ ಮೂಲಕ ಸುಮಾರು 1300ರ ವೇಳೆಗೆ ಇಂಗ್ಲಿಷಿಗೆ ಬಂದಾಗಲೂ ಅದು ನಿಂದೆಯ ಮಾತೇ. ಚಾಸರ್ ಕವಿಯಲ್ಲಿ ಅದಕ್ಕೆ ‘ಮೂಢ’ ಎಂಬ ಅರ್ಥವುಂಟು. ಮುಂದೆ ಅದು ನಾಜೂಕು, ಅತಿಮಡಿ ಎಂಬ ಅರ್ಥಗಳನ್ನು ಹಾದು, 16ನೆಯ ಶತಮಾನದಲ್ಲಿ ‘ಸೂಕ್ಷ್ಮ’ ಎಂಬರ್ಥಕ್ಕೂ 18ನೆಯ ಶತಮಾನದ ಉತ್ತರಾರ್ಧದಲ್ಲಿ ‘ಹಿತವಾದ’ ಎಂಬರ್ಥಕ್ಕೂ ಬಂದಿತು.

ಈ ಕೊನೆಯ ಅರ್ಥವನ್ನು ಎಲ್ಲರೂ ಒಪ್ಪಲಿಲ್ಲ. ಜೇನ್ ಆಸ್ಟೆನ್ ತೀರಿಕೊಂಡ ಬಳಿಕ 1817ರ ಕೊನೆಯಲ್ಲಿ ಹೊರಬಂದ ‘ನಾರ್ತ್ಯಾಂಗರ್ ಆಬಿ’ಯಲ್ಲಿ ಕ್ಯಾಥರೀನ್ ಒಂದು ಕಾದಂಬರಿಯನ್ನು ‘ನೈಸ್’ ಎಂದು ಹೊಗಳುತ್ತಾಳೆ. ಅದು ಪುಸ್ತಕದ ಕಟ್ಟನ್ನು ಅವಲಂಬಿಸಿದ ಮಾತೆಂದು ಹೆನ್ರಿ ಟಿಲ್ನಿ ಹಾಸ್ಯ ಮಾಡುತ್ತಾನೆ. ಆ ಶಬ್ದ ಅಚ್ಚುಕಟ್ಟಿಗೆ, ನಯಕ್ಕೆ ಸಲ್ಲತಕ್ಕದ್ದೆಂದು ಅವನ ವಾದ. ಆದರೆ ಅವನು ಎತ್ತಿಹಿಡಿದ ಅರ್ಥವೂ ಮೂಲದ್ದಲ್ಲ. ಮೂಲವನ್ನೇ ಹಿಡಿದಿದ್ದರೆ ಅದು ದಡ್ಡ ಪುಸ್ತಕವಾಗಬೇಕಾಗಿತ್ತು!

ಯೋಗಾರ್ಥಕ್ಕಿಂತ ರೂಢ್ಯರ್ಥವೇ ಬಲವತ್ತರವೆಂದು ನಮ್ಮ ಶಾಸ್ತ್ರಕಾರರು ಒಪ್ಪಿರುವುದು ಇದಕ್ಕಾಗಿಯೇ. ಇದಕ್ಕೆ ವಿಪರೀತವಾದ ಗತಿ ಪಡೆದ ಶಬ್ದವೂ ನಮ್ಮಲ್ಲಿದೆ. ಮಸ್ಕಿಯ ಶಾಸನದಲ್ಲಿ ಅಶೋಕನ ಬಿರುದಾಗಿ ಮೆರೆದ ‘ದೇವಾನಾಂಪ್ರಿಯ’, ಮುಂದೆ ಸಂಸ್ಕೃತ ವೈಯಾಕರಣರಲ್ಲಿ ಮೂರ್ಖನ ಹೆಸರಾಯಿತು. ಒಂದು ಏರಿತು, ಇನ್ನೊಂದು ಇಳಿಯಿತು. ಎರಡಕ್ಕೂ ಕಾರಣ ಆಡುವ ಜನ. ಆದ್ದರಿಂದ ಉಪಾಧ್ಯಾಯರ ಕೆಂಪು ಗೆರೆ ಸಲ್ಲುವುದು ‘ನೈಸ್’ ಅಸ್ಪಷ್ಟವಾದುದರಿಂದಲೇ ಹೊರತು, ಮೂಲಾರ್ಥವನ್ನು ಬಿಟ್ಟುದರಿಂದಲ್ಲ.

ಅದರ ಪಯಣ ಇಂಗ್ಲಿಷಿಗೇ ಮುಗಿಯಲಿಲ್ಲ. ದೋಸೆಯ ಹಿಟ್ಟನ್ನು ‘ನೈಸಾಗಿ’ ರುಬ್ಬಬೇಕೆನ್ನುವ ಕನ್ನಡ ಗೃಹಿಣಿಗೆ ಅದು ‘ನುಣ್ಣಗೆ’ ಎಂಬುದರ ಪರ್ಯಾಯ. ಕೆಲಸ ತಪ್ಪಿಸಿಕೊಂಡು ಉಪಾಯವಾಗಿ ಹೋದವನನ್ನು ‘ನೈಸಾಗಿ ಜಾರಿಕೊಂಡ’ ಎನ್ನುತ್ತೇವೆ. ಏನೂ ಅರಿಯದವನಿಗೆ ಇದ್ದ ಹೆಸರು ಕನ್ನಡಕ್ಕೆ ಬಂದು ಜಾಣನ ಪಾಲಾಗಿದೆ.