ನೀರಿನ ಒಡೆತನ, ನೀರುಗಂಟಿಯ ಸಂಬಳ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದೆದುರು ನಿಂತಿರುವ ಶಿಲಾಸ್ತಂಭವನ್ನು ಕದಂಬ ವಂಶದ ಚರಿತ್ರೆಗಾಗಿ ಓದುವವರೇ ಬಹುಮಂದಿ. ಆದರೆ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಕವಿಯು ರಚಿಸಿದ ಆ ಸಂಸ್ಕೃತ ಕಾವ್ಯವು, ಮಯೂರಶರ್ಮನ ಪರಾಕ್ರಮವನ್ನೆಲ್ಲ ವರ್ಣಿಸಿದ ಮೇಲೆ, ಕೊನೆಗೆ ಬಂದು ನಿಲ್ಲುವುದು ಕಾಕುಸ್ಥವರ್ಮನು ಅಲ್ಲಿ ಕಟ್ಟಿಸಿದ ಒಂದು ಕೆರೆಯ ಬಳಿಗೆ. ಕೆರೆ ಕಟ್ಟಿಸುವುದು ಅರಸನ ಪುಣ್ಯ, ಅದರ ನೀರು ಊರಿನ ಸ್ವತ್ತು ಎಂಬ ಭಾವನೆ ಈ ಸೀಮೆಗೆ ಹೊಸತಲ್ಲ.

ಶಿಕಾರಿಪುರ, ಸೊರಬಗಳ ಶಾಸನಗಳನ್ನು ಬಿ.ಎಲ್. ರೈಸ್ ಅವರು 1902 ಮತ್ತು 1904ರ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಕನ್ನಡನಾಡಿನ ಇಂಥ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಮೊದಲಾದ ಹೆಸರಿನಿಂದ ಕೆರೆಯ ಪೋಷಣೆಗೆ ಭೂಮಿ ಬಿಟ್ಟುದನ್ನು ಕಾಣುತ್ತೇವೆ. ಕಟ್ಟಿಸಿದವನ ಕೀರ್ತಿ ಕಲ್ಲಿನಲ್ಲಿ ಉಳಿಯಬಹುದು. ಏರಿಯ ಮಣ್ಣು ಉಳಿಯಬೇಕಾದರೆ ಅದನ್ನು ಕಾಯುವವನಿಗೆ ವರ್ಷವರ್ಷವೂ ಅನ್ನ ದೊರೆಯಬೇಕೆಂಬ ವ್ಯವಹಾರಜ್ಞಾನ ಆ ಭೂಮಿ ಬಿಟ್ಟವರಿಗಿತ್ತು.

ವರದೆ, ದಂಡಾವತಿ, ಕುಮುದ್ವತಿಗಳ ಈ ನಾಡಿನಲ್ಲಿ ಇಂದು ಆ ಕಾಯಕ ಗ್ರಾಮ ಪಂಚಾಯಿತಿಯ ನೀರುಗಂಟಿಯದು. ಕರೆಂಟು ಬಂದ ಹೊತ್ತಿಗೆ, ಅದು ನಡುರಾತ್ರಿಯಾದರೂ ಸರಿಯೆ, ಎದ್ದು ಹೋಗಿ ಮೋಟಾರು ಹಾಕಿ, ಟ್ಯಾಂಕು ತುಂಬಿಸಿ, ಬೆಳಗಾಗುವ ಮೊದಲೇ ಕೆಸರು ತುಂಬಿದ ಗುಂಡಿಗೆ ಬಗ್ಗಿ ವಾಲ್ವು ತಿರುಗಿಸಿ, ಮೇಲಿನ ಕೇರಿಗೆ ಬಿಟ್ಟ ನೀರನ್ನು ಕೆಳಗಿನ ಕೇರಿಗೆ ಹೊರಳಿಸತಕ್ಕವನು ಅವನೇ. ಸಂಬಳವನ್ನು ಕನಿಷ್ಠ ವೇತನದಂತೆ, ತಿಂಗಳು ತಪ್ಪದೆ ಕೊಡಿರೆಂದು ಸಿಐಟಿಯುಗೆ ಸೇರಿದ ಪಂಚಾಯಿತಿ ನೌಕರರ ಸಂಘವು ರಾಜ್ಯದಾದ್ಯಂತ ಕೇಳುತ್ತ ಬಂದಿದೆ. ಬೇಡಿಕೆ ಹೊಟ್ಟೆಪಾಡಿನದೆಂದು ತೋರಿದರೂ, ನೀರು ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆಯೂ ಅದರೊಳಗೇ ಇದೆ.

ಪರದೇಶದ ದೃಷ್ಟಾಂತ ಬೇಕಾದರೆ ಉರುಗ್ವೆಯನ್ನು ನೋಡಬಹುದು. ಅಲ್ಲಿನ ಜಲ ಕಾರ್ಮಿಕರ ಸಂಘವು ಇತರ ಸಂಘಟನೆಗಳೊಡನೆ ಕೂಡಿ ನಡೆಸಿದ ಚಳವಳಿಯ ಫಲವಾಗಿ, 2004ರ ಅಕ್ಟೋಬರ್ 31ರಂದು ಶೇಕಡಾ 60ಕ್ಕೂ ಮಿಕ್ಕಿದ ಮತದಾರರು ನೀರು ಸರಬರಾಜು ಸರ್ಕಾರದ ಕೈಯಲ್ಲೇ ಇರತಕ್ಕದ್ದೆಂದು ಸಂವಿಧಾನಕ್ಕೆ ತಿದ್ದುಪಡಿ ತಂದರು. ನಮ್ಮ ಹುಬ್ಬಳ್ಳಿ-ಧಾರವಾಡದ ಕತೆ ಬೇರೆ. ವಿಶ್ವಬ್ಯಾಂಕಿನ ಸಾಲದಿಂದ ಕೆಲವು ಬಡಾವಣೆಗಳಲ್ಲಿ 24 ಗಂಟೆಯೂ ನೀರು ಕೊಡುವ ಪ್ರಯೋಗ ಫ್ರಾನ್ಸಿನ ವಿಯೋಲಿಯಾ ಕಂಪನಿಯ ಕೈಯಲ್ಲಿ ನಡೆಯಿತು. ಮುಂದೆ ಇಡೀ ನಗರದ ನಿರ್ವಹಣೆ ಎಲ್ ಅಂಡ್ ಟಿ ಕಂಪನಿಗೆ ಹೋದಾಗ ಜಲಮಂಡಳಿಯ ಗುತ್ತಿಗೆ ನೌಕರರು ಕೆಲಸಕ್ಕಾಗಿ ಧರಣಿ ಕೂರಬೇಕಾಯಿತು.

ಆದರೂ ಒಂದು ಮಾತನ್ನು ಸಂಘಗಳು ಮರೆಯಲಾಗದು. ವಾರಕ್ಕೊಮ್ಮೆ ನಲ್ಲಿಯಲ್ಲಿ ನೀರು ಕಂಡ ಗೃಹಿಣಿಗೆ ಸಾರ್ವಜನಿಕ ಒಡೆತನದ ತತ್ತ್ವವನ್ನು ಎಷ್ಟು ಬೋಧಿಸಿದರೂ ಕೊಡ ತುಂಬುವುದಿಲ್ಲ. ಕಂಪನಿ ಬಂದರೆ ಬರಲಿ, ನೀರು ಬಂದರೆ ಸಾಕೆಂದು ಆಕೆ ಹೇಳಿದರೆ ತಪ್ಪು ಆಕೆಯದಲ್ಲ. ದುರಸ್ತಿಗೆ ಹಣವಿಲ್ಲ, ಇರುವ ಆಳಿಗೆ ಸಂಬಳವಿಲ್ಲ ಎಂಬ ಸ್ಥಿತಿಯಲ್ಲಿಯೇ ಗುತ್ತಿಗೆದಾರನಿಗೆ ಬಾಗಿಲು ತೆರೆಯುತ್ತದೆ. ಆದುದರಿಂದ ‘ಮನೆಮನೆಗೆ ಗಂಗೆ’ ಯೋಜನೆಯ ನಲ್ಲಿ ಹಾಕಿಸಿಕೊಂಡ ಪ್ರತಿಯೊಂದು ಪಂಚಾಯಿತಿಯೂ, ಕೆರೆಗೆ ಭೂಮಿ ಬಿಟ್ಟ ಹಿಂದಿನವರಂತೆ, ತನ್ನ ಆಯವ್ಯಯದಲ್ಲಿ ಮೊದಲು ನೀರುಗಂಟಿಯ ಸಂಬಳವನ್ನೂ ಕೊಳವೆಯ ದುರಸ್ತಿಯನ್ನೂ ತೆಗೆದಿರಿಸಬೇಕು, ಆ ಬಾಬ್ತನ್ನು ಕೇಳಿ ಪಡೆಯುವ ಹೊಣೆ ನೌಕರರ ಸಂಘದಷ್ಟೇ ಗ್ರಾಮಸಭೆಯಲ್ಲಿ ಕುಳಿತ ನಮ್ಮದೂ ಆಗಿದೆ.